ಪುರಂದರದಾಸರು: ಮೂಗುತಿ ತೆರೆಸಿದ ಕಣ್ಣು

ದೇವಾಲಯವೊಂದು ನೂರು ವರ್ಷ ತುಂಬಿಸಿಕೊಂಡಾಗ ಹಳೆಯ ಲೆಕ್ಕಪುಸ್ತಕಗಳನ್ನು ತೆರೆದು ನೋಡುವುದು ವಾಡಿಕೆ. ಯಾರು ಎಷ್ಟು ಕೊಟ್ಟರು, ಗೋಡೆಗೆ ಎಷ್ಟಾಯಿತು, ಗಂಟೆಗೆ ಎಷ್ಟಾಯಿತು ಎಂಬುದನ್ನೆಲ್ಲ ಅಲ್ಲಿ ಕಾಣಬಹುದು. ದೊಡ್ಡ ಮೊತ್ತ ಕೊಟ್ಟವರ ಹೆಸರು ಕಲ್ಲಿನ ಮೇಲೆ ಉಳಿದಿರುತ್ತದೆ. ಸೆರಗಿನ ಗಂಟು ಬಿಚ್ಚಿ ನಾಲ್ಕಾಣೆ ಹಾಕಿದ ತಾಯಿಯ ಹೆಸರು ಎಲ್ಲಿಯೂ ಇರುವುದಿಲ್ಲ. ಆದರೆ ಕೊಟ್ಟವರ ಮನಸ್ಸಿನಲ್ಲಿ ಹಣವು ಯಾವ ಸ್ಥಾನದಲ್ಲಿ ಕುಳಿತಿತ್ತು, ಒಡೆಯನ ಸ್ಥಾನದಲ್ಲಿಯೋ ಸೇವಕನ ಸ್ಥಾನದಲ್ಲಿಯೋ ಎಂಬುದನ್ನು ಯಾವ ಲೆಕ್ಕಪುಸ್ತಕವೂ ಹೇಳಲಾರದು. ಅದನ್ನು ಪ್ರತಿಯೊಬ್ಬನೂ ತನ್ನೊಳಗೆ ತಾನೇ ಹುಡುಕಿಕೊಳ್ಳಬೇಕು. ಹಾಗೆ ಹುಡುಕಿಕೊಂಡ ಒಬ್ಬ ಮಹನೀಯರ ಬಾಳನ್ನು ಈ ಸ್ಮರಣ ಸಂಚಿಕೆಯ ಮೂಲಕ ವಾಚಕರ ಮುಂದಿಡಲು ನಾವು ಬಯಸಿದ್ದೇವೆ.

ಅವರು ನಮ್ಮ ಧರ್ಮಸಭೆಯವರಲ್ಲ. ಆದರೆ ನಮ್ಮ ನೆಲದವರು. ಬಂಡ್ರಿಯಿಂದ ಸಂಡೂರು, ಹೊಸಪೇಟೆಗಳ ದಾರಿ ಹಿಡಿದು ಹೋದರೆ ಸಿಗುವ ಹಂಪೆಯಲ್ಲಿ ಬಾಳಿ, ಅಲ್ಲಿಯೇ ತುಂಗಭದ್ರೆಯ ದಡದಲ್ಲಿ ದೇಹವಿಟ್ಟ ಶ್ರೀ ಪುರಂದರದಾಸರು ಅವರು. ಅನ್ಯಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆಗಿರುವ ಯಾವುದನ್ನೂ ಧರ್ಮಸಭೆ ನಿರಾಕರಿಸುವುದಿಲ್ಲವೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಸಾರಿತು. ಆದುದರಿಂದ ನೆರೆಮನೆಯ ದೀಪದ ಬೆಳಕಿನಲ್ಲಿ ನಮ್ಮ ಅಂಗಳವನ್ನು ನೋಡಿಕೊಳ್ಳುವುದಕ್ಕೆ ನಾವು ಸಂಕೋಚಪಡಬೇಕಾಗಿಲ್ಲ.

ಹಣ ಹರಿಯುತ್ತಿದ್ದ ನಗರ

ದಾಸರು 1484ರ ಸುಮಾರಿಗೆ ಹುಟ್ಟಿದರೆಂದು ಎಣಿಸುತ್ತಾರೆ. ಹುಟ್ಟಿದ ಊರು ಪುಣೆಯ ಬಳಿಯ ಪುರಂದರಗಡವೆಂಬುದು ಒಂದು ಸಂಪ್ರದಾಯ. ಮಲೆನಾಡಿನ ತೀರ್ಥಹಳ್ಳಿ ಸೀಮೆಯ ಆರಗದ ಕಡೆಯೆಂಬುದು ಇನ್ನೊಂದು ವಾದ. ತಂದೆ ವರದಪ್ಪ ನಾಯಕ. ಮಗನಿಗೆ ಇಟ್ಟ ಹೆಸರು ಶ್ರೀನಿವಾಸ ನಾಯಕ. ಜನರ ಬಾಯಲ್ಲಿ ಸೀನಪ್ಪ ನಾಯಕ. ಮನೆತನದ ವೃತ್ತಿ ಲೇವಾದೇವಿ ಮತ್ತು ರತ್ನವ್ಯಾಪಾರ. ಸಾಲ ಕೊಡುವುದು, ಒಡವೆ ಒತ್ತೆ ಹಿಡಿಯುವುದು, ಬಡ್ಡಿ ಎಣಿಸುವುದು ಆತನಿಗೆ ಬಾಲ್ಯದಿಂದಲೇ ಬಂದ ವಿದ್ಯೆಗಳು. ಆತನ ಐಶ್ವರ್ಯವನ್ನು ಕಂಡು ಜನರು ಆತನನ್ನು ನವಕೋಟಿ ನಾರಾಯಣನೆಂದು ಕರೆದರು.

ಆ ಕಾಲದ ವಿಜಯನಗರವು ಎಂತಹ ನಗರವಾಗಿತ್ತೆಂಬುದನ್ನು ನೆನೆದರೆ ಈ ಬಿರುದಿನ ಅರ್ಥ ತಿಳಿಯುತ್ತದೆ. ಶ್ರೀಕೃಷ್ಣದೇವರಾಯನು 1509ರಿಂದ 1529ರವರೆಗೆ ಆಳಿದನು. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸನು ಈ ಪಟ್ಟಣವನ್ನು ರೋಮಿನಷ್ಟು ದೊಡ್ಡದೆಂದು ಬಣ್ಣಿಸಿ, ಇಲ್ಲಿಯ ಬೀದಿಗಳಲ್ಲಿ ಮಾಣಿಕ್ಯ, ವಜ್ರ, ಮುತ್ತು, ಪಚ್ಚೆಗಳು ಮಾರಾಟವಾಗುತ್ತಿದ್ದುದನ್ನು ಬರೆದಿಟ್ಟನು. ಸ್ವಲ್ಪ ಕಾಲಾನಂತರ ಬಂದ ನೂನಿಜನು, ಅರಸನು ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂದೂ, ನಗರದ ಹೆಬ್ಬಾಗಿಲೊಂದರ ಸುಂಕವನ್ನೇ ವರ್ಷಕ್ಕೆ 12,000 ವರಹಗಳಿಗೆ ಗುತ್ತಿಗೆ ಕೊಡುತ್ತಿದ್ದರೆಂದೂ ತಿಳಿಸಿದ್ದಾನೆ. ಬಂಗಾರದ ವರಹ, ಪ್ರತಾಪ, ಹಣ; ಬೆಳ್ಳಿಯ ತಾರ; ತಾಮ್ರದ ಕಾಸು ಹೀಗೆ ಹಲವು ನಾಣ್ಯಗಳು ಓಡಾಡುತ್ತಿದ್ದವು. ಒಂದು ವರಹವೆಂದರೆ ಸುಮಾರು ಮೂರೂವರೆ ಗ್ರಾಂ ತೂಕದ ಚಿನ್ನ. ಇಷ್ಟು ಬಗೆಯ ನಾಣ್ಯಗಳಿದ್ದೆಡೆ ಅವುಗಳನ್ನು ಒರೆಗೆ ಹಚ್ಚಿ ನೋಡುವವನು ಬೇಕು, ತೂಗಿ ಬದಲಾಯಿಸುವವನು ಬೇಕು, ಕೊರತೆ ಬಿದ್ದವನಿಗೆ ಸಾಲ ಕೊಡುವವನು ಬೇಕು. ನಾಯಕನು ಅಂಥವನು. ಲೋಕಕ್ಕೆ ಬೇಕಾದ ಕಸುಬನ್ನೇ ಆತನು ಮಾಡುತ್ತಿದ್ದನು. ದೋಷವಿದ್ದುದು ಕಸುಬಿನಲ್ಲಲ್ಲ, ಆ ಕಸುಬು ಆತನ ಹೃದಯವನ್ನು ಬಿಗಿದುಕೊಂಡಿದ್ದ ಬಗೆಯಲ್ಲಿ. ಆದರೆ ಅದು ಆತನಿಗೆ ತಿಳಿದಿರಲಿಲ್ಲ. ತನ್ನನ್ನು ತಾನು ಜಾಗರೂಕನಾದ ಗೃಹಸ್ಥನೆಂದೇ ಆತನು ಭಾವಿಸಿದ್ದಿರಬೇಕು. ಕೃಪಣನು ತನ್ನನ್ನು ಕೃಪಣನೆಂದು ಎಂದೂ ಕರೆದುಕೊಳ್ಳುವುದಿಲ್ಲ.

ಅಂಗಡಿಯ ಬಾಗಿಲಲ್ಲಿ ನಿಂತವನು

ಇನ್ನು ಮುಂದಿನ ಕಥೆಯು ಶಾಸನಗಳಲ್ಲಿ ದೊರೆಯುವುದಲ್ಲ. ಹರಿದಾಸ ಸಂಪ್ರದಾಯವು ತಲೆಮಾರುಗಳಿಂದ ಕಾಪಾಡಿಕೊಂಡು ಬಂದದ್ದು. ಕನ್ನಡನಾಡಿನಲ್ಲಿ ಇದನ್ನು ಕೇಳದವರು ವಿರಳ. ಆದರೂ ನಿಧಾನವಾಗಿ ಮತ್ತೊಮ್ಮೆ ಕೇಳುವುದು ಒಳಿತು.

ಬಡ ಬ್ರಾಹ್ಮಣನೊಬ್ಬನು ನಾಯಕನ ಅಂಗಡಿಗೆ ಬಂದು, ಮಗನ ಉಪನಯನಕ್ಕಾಗಿ ಒಂದಿಷ್ಟು ಹಣ ದಾನಮಾಡಬೇಕೆಂದು ಬೇಡಿದನು. ನಾಯಕನು ಇಲ್ಲವೆನ್ನಲಿಲ್ಲ, ನಾಳೆ ಬಾ ಎಂದನು. ನಾಳೆ ಬಂದರೆ ನಾಡಿದ್ದು ಬಾ ಎಂದನು. ಹೀಗೆ ತಿಂಗಳುಗಟ್ಟಲೆ ನಡೆಯಿತು. ಕೊನೆಗೆ ಸವೆದು ಹೋದ ನಾಣ್ಯಗಳ ರಾಶಿಯನ್ನು ಮುಂದೆ ಸುರಿದು, ಇದರಲ್ಲಿ ಒಂದನ್ನು ಆರಿಸಿಕೊಂಡು ಹೋಗು, ಮತ್ತೆ ಬರಬೇಡ ಎಂದನು.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಇಲ್ಲವೆಂದು ನೇರವಾಗಿ ಹೇಳಿದವನಿಗೆ ತಾನು ಕೊಡದವನೆಂಬ ಅರಿವಾದರೂ ಇರುತ್ತದೆ. ನಾಳೆ ಎಂದು ಹೇಳುವವನಿಗೆ ಅದೂ ಇರುವುದಿಲ್ಲ. ಕೊಡುವವನೆಂಬ ತೃಪ್ತಿಯನ್ನೂ ಕೊಡದೆ ಉಳಿಸಿಕೊಂಡ ಹಣವನ್ನೂ ಆತನು ಒಟ್ಟಿಗೆ ಇಟ್ಟುಕೊಳ್ಳುತ್ತಾನೆ. ನಮ್ಮಲ್ಲಿ ಎಷ್ಟು ಮಂದಿ ಹೀಗೆ ನಾಳೆಯ ದಾನಿಗಳು! ಮಗಳ ಮದುವೆ ಮುಗಿಯಲಿ, ಮನೆಗೆ ಮಾಳಿಗೆ ಹಾಕಿಸಿಯಾಗಲಿ, ಆಮೇಲೆ ನೋಡೋಣ ಎಂಬ ಮಾತು ಯಾವ ಮನೆಯಲ್ಲಿ ಕೇಳಿಬರುವುದಿಲ್ಲ?

ಅಂಗಡಿಯಿಂದ ಹಿಂದಿರುಗಿದ ಬಡವನು ನಾಯಕನ ಮನೆಯ ಹಿತ್ತಲ ಬಾಗಿಲಿಗೆ ಹೋದನು. ಅಲ್ಲಿ ನಾಯಕನ ಮಡದಿ ಸರಸ್ವತಿಬಾಯಿ ಇದ್ದಳು. ಕೋಟ್ಯಧೀಶನ ಹೆಂಡತಿಯಾದರೂ ಆಕೆಯ ಕೈಯಲ್ಲಿ ಪೆಟ್ಟಿಗೆಯ ಬೀಗದ ಕೈ ಇರಲಿಲ್ಲ. ತನ್ನದೆಂದು ಹೇಳಿಕೊಳ್ಳಬಹುದಾದ ವಸ್ತು ಒಂದೇ, ತವರಿನವರು ಕೊಟ್ಟ ಮೂಗುತಿ. ಅದನ್ನೇ ಬಿಚ್ಚಿ ಬಡವನ ಕೈಗಿತ್ತಳು. ಆತನು ಅದನ್ನು ಹಣಮಾಡಿಕೊಳ್ಳಲು ನಾಯಕನ ಅಂಗಡಿಗೇ ತಂದನು. ರತ್ನ ಪರೀಕ್ಷಿಸಿ ಪಳಗಿದ ನಾಯಕನ ಕಣ್ಣಿಗೆ ಹೆಂಡತಿಯ ಮೂಗುತಿ ಗುರುತಾಗದಿರಲಿಲ್ಲ. ಬಂದವನನ್ನು ಮತ್ತೆ ಬಾ ಎಂದು ಕಳುಹಿಸಿ, ಮೂಗುತಿಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿ, ಮನೆಗೆ ಧಾವಿಸಿ, ಮೂಗುತಿಯನ್ನು ಈಗಲೇ ತಂದು ತೋರಿಸೆಂದು ಮಡದಿಯನ್ನು ಗದರಿಸಿದನು.

ಭೀತಿಗೊಂಡ ಸರಸ್ವತಿಬಾಯಿ ಒಳಗೆ ಹೋಗಿ ವಿಷದ ಬಟ್ಟಲನ್ನು ತುಟಿಗೆ ಹಿಡಿದಳೆಂದೂ, ಆಗ ಆ ಬಟ್ಟಲಿನೊಳಗೆ ಮೂಗುತಿ ಬಿದ್ದ ಸದ್ದಾಯಿತೆಂದೂ, ಆಕೆ ಅದನ್ನೇ ತಂದು ಪತಿಯ ಕೈಗಿತ್ತಳೆಂದೂ ಕಥೆ ಹೇಳುತ್ತದೆ. ನಾಯಕನು ಅಂಗಡಿಗೆ ಓಡಿ ಪೆಟ್ಟಿಗೆ ತೆರೆದು ನೋಡಿದರೆ ಅದು ಬರಿದಾಗಿತ್ತು. ಬಡವನೂ ಮತ್ತೆ ಕಾಣಿಸಲಿಲ್ಲ. ಬೇಡಲು ಬಂದವನು ಭಗವಂತನೇ ಎಂದು ನಾಯಕನಿಗೆ ಹೊಳೆಯಿತು.

ಈ ಪವಾಡವನ್ನು ಕುರಿತು ಚರ್ಚಿಸುವುದು ನಮ್ಮ ಉದ್ದೇಶವಲ್ಲ. ನಮ್ಮ ಮನಸ್ಸನ್ನು ಹಿಡಿದು ನಿಲ್ಲಿಸುವುದು ಬೇರೊಂದು ಸಂಗತಿ. ಒಂದೇ ಸೂರಿನ ಕೆಳಗೆ ಬಾಳಿದ ಗಂಡಹೆಂಡಿರಿಬ್ಬರಿಗೆ ಹಣದ ವಿಷಯದಲ್ಲಿ ಪರಸ್ಪರರ ಹೃದಯವೇ ತಿಳಿದಿರಲಿಲ್ಲ. ಆತನಿಗೆ ಮೂಗುತಿಯೆಂದರೆ ಇಷ್ಟು ವರಹದ ಒಡವೆ. ಆಕೆಗೆ ಅದೇ ಮೂಗುತಿ ಒಬ್ಬ ಹುಡುಗನ ಉಪನಯನ. ಆಕೆ ಕೊಡುವುದನ್ನು ಗುಟ್ಟಾಗಿ ಮಾಡಬೇಕಾಯಿತು. ಆತನು ಹೆಂಡತಿಯನ್ನು ಕಳ್ಳಿಯಂತೆ ವಿಚಾರಿಸಬೇಕಾಯಿತು. ಬೀಗ ಹಾಕಿದ ಪೆಟ್ಟಿಗೆಯಲ್ಲಿಟ್ಟ ನಂಬಿಕೆಯನ್ನು ಕೈಹಿಡಿದವಳಲ್ಲಿ ಇಟ್ಟಿರಲಿಲ್ಲವೆಂಬುದು ಆತನಿಗೆ ಗೋಚರವಾದುದು ಆ ದಿನವೇ. ಖಾಲಿ ಪೆಟ್ಟಿಗೆಯ ಮುಂದೆ ನಿಂತಾಗ ಆತನು ಕಂಡದ್ದು ಮೊದಲಾಗಿ ದೇವರನ್ನಲ್ಲ, ತನ್ನನ್ನೇ. ದೇವದರ್ಶನವು ಆ ಬಾಗಿಲಿನಿಂದ ಒಳಗೆ ಬಂದಿತು.

ಚಿನ್ನದ ಬಟ್ಟಲಿನ ಭಯ

ನಾಯಕನು ತನ್ನ ಸರ್ವಸ್ವವನ್ನೂ ದಾನಮಾಡಿ, ಮಡದಿ ಮಕ್ಕಳೊಡನೆ ಉಟ್ಟ ಬಟ್ಟೆಯಲ್ಲಿ ಹೊರಟುಬಿಟ್ಟನು. ಮಕ್ಕಳು ನಾಲ್ವರು ಗಂಡು, ಒಬ್ಬಳು ಹೆಣ್ಣು ಎಂದು ಹೇಳುತ್ತಾರೆ. ದಾರಿಯಲ್ಲಿ ಕಾಡು ಅಡ್ಡಬಂದಿತು. ಕತ್ತಲಾಗುತ್ತಲೇ ಸರಸ್ವತಿಬಾಯಿಗೆ ಕಳ್ಳರ ಭಯ ಹತ್ತಿತು. ನಮ್ಮ ಬಳಿ ಏನಿದೆಯೆಂದು ಹೆದರುವೆ ಎಂದು ಪತಿ ಕೇಳಲು, ಮಕ್ಕಳಿಗೆ ನೀರು ಕುಡಿಸಲೆಂದು ಒಂದು ಚಿನ್ನದ ಬಟ್ಟಲನ್ನು ಸೆರಗಿನಲ್ಲಿ ಕಟ್ಟಿಕೊಂಡಿರುವುದನ್ನು ಆಕೆ ಒಪ್ಪಿಕೊಂಡಳು. ಆತನು ಅದನ್ನು ತೆಗೆದು ಕಾಡಿಗೆ ಎಸೆದನು. ಭಯವೂ ಅದರೊಡನೆ ಹೋಯಿತು.

ಮೂಗುತಿಯನ್ನು ನಿರ್ಯೋಚನೆಯಿಂದ ಕೊಟ್ಟ ಅದೇ ತಾಯಿ, ಮಕ್ಕಳ ವಿಷಯ ಬಂದಾಗ ಬಟ್ಟಲನ್ನು ಬಚ್ಚಿಟ್ಟುಕೊಂಡಳು. ಈ ಸಂಗತಿಯನ್ನು ಮರೆಮಾಡದ ಜನಪದದ ಸತ್ಯನಿಷ್ಠೆ ನಮಗೆ ಮೆಚ್ಚಾಗುತ್ತದೆ. ಹಣದ ಬಗೆಗಿನ ನಮ್ಮ ಮನೋಭಾವವು ಒಂದೇ ಸಲಕ್ಕೆ ಶುದ್ಧವಾಗುವ ವಸ್ತುವಲ್ಲ. ಉದಾರಿಗಳಲ್ಲಿಯೂ ಒಂದು ಬಟ್ಟಲು ಉಳಿದಿರುತ್ತದೆ. ಕತ್ತಲೆಯಲ್ಲಿ ನಾವು ಏತಕ್ಕಾಗಿ ಹೆದರುತ್ತೇವೆಂದು ಕೇಳಿಕೊಂಡರೆ ಅದು ಎಲ್ಲಿದೆಯೆಂದು ಸಿಕ್ಕಿಬಿಡುತ್ತದೆ.

ದಿನದ ಲೆಕ್ಕ

ವಿಜಯನಗರಕ್ಕೆ ಬಂದ ಶ್ರೀನಿವಾಸ ನಾಯಕನು, ರಾಜಮನ್ನಣೆಗೆ ಪಾತ್ರರಾಗಿದ್ದ ಶ್ರೀ ವ್ಯಾಸರಾಯರ ಶಿಷ್ಯನಾದನು. ದೀಕ್ಷೆ ದೊರೆತದ್ದು 1525ರಲ್ಲಿ ಎಂಬುದು ಸಂಪ್ರದಾಯದ ಎಣಿಕೆ. ಅಂದಿನಿಂದ ನಾಯಕನು ಪುರಂದರದಾಸರಾದರು. ತಮ್ಮ ಹಾಡುಗಳಿಗೆ ಪುರಂದರವಿಠಲನ ಅಂಕಿತವನ್ನಿಟ್ಟರು. ನಾವೂ ಇನ್ನು ಅವರನ್ನು ಬಹುವಚನದಿಂದಲೇ ಕರೆಯೋಣ. ನವಕೋಟಿ ಇದ್ದಾಗ ಸಲ್ಲದ ಗೌರವವು ತಂಬೂರಿ ಹಿಡಿದಾಗ ಸಂದಿತು.

ದಾಸರು ಕಾಲಿಗೆ ಗೆಜ್ಜೆ ಕಟ್ಟಿ, ಹಾಡುತ್ತ ಬೀದಿಬೀದಿಗಳಲ್ಲಿ ನಡೆದು, ಮನೆಮನೆಯ ಭಿಕ್ಷೆಯಿಂದ ಜೀವಿಸಿದರು. ಇದಕ್ಕೆ ಮಧುಕರವೃತ್ತಿ ಎಂದು ಹೆಸರು. ದುಂಬಿಯು ಹೂವಿಗೆ ನೋವಾಗದಂತೆ ತೊಟ್ಟು ತೊಟ್ಟು ಹೀರುವ ಹಾಗೆ, ಒಂದು ಮನೆಗೂ ಭಾರವಾಗದೆ ಆ ದಿನಕ್ಕೆ ಬೇಕಾದಷ್ಟನ್ನೇ ಪಡೆಯುವುದು, ನಾಳೆಗೆ ಕೂಡಿಡದಿರುವುದು. ಯಾರು ಬಡವನಿಗೆ ನಾಳೆ ಬಾ ಎಂದಿದ್ದರೋ ಅವರ ಬಾಳಿನಿಂದ ನಾಳೆಯೆಂಬುದೇ ಹೊರಟುಹೋಯಿತು. ಅರಣ್ಯದಲ್ಲಿ ಇಸ್ರಾಯೇಲರಿಗೆ ಸುರಿದ ಮನ್ನಾ ಮರುದಿನಕ್ಕೆ ಉಳಿಸಿಟ್ಟರೆ ಹುಳು ಬೀಳುತ್ತಿತ್ತೆಂಬುದನ್ನು ನಾವು ಓದಿದ್ದೇವೆ. ಪ್ರಭು ಯೇಸುಕ್ರಿಸ್ತರು ಕಲಿಸಿದ ಪ್ರಾರ್ಥನೆಯಲ್ಲಿಯೂ ನಾವು ಬೇಡುವುದು ಆ ದಿನದ ಆಹಾರವನ್ನೇ.

ದಾಸರನ್ನು ಪರೀಕ್ಷಿಸಲೆಂದು ಅರಸನು ಭಿಕ್ಷೆಯ ಅಕ್ಕಿಯೊಳಗೆ ರತ್ನಗಳನ್ನು ಬೆರೆಸಿ ಕೊಡಿಸಿದನೆಂದೂ, ಸರಸ್ವತಿಬಾಯಿ ಅಕ್ಕಿ ಆರಿಸುವಾಗ ಅವುಗಳನ್ನು ಹರಳುಕಲ್ಲೆಂದು ಹೊರಗೆ ಚೆಲ್ಲಿದಳೆಂದೂ ಇನ್ನೊಂದು ಕಥೆಯುಂಟು. ಬಟ್ಟಲನ್ನು ಬಚ್ಚಿಟ್ಟ ತಾಯಿ ಅಷ್ಟು ದೂರ ನಡೆದು ಬಂದಿದ್ದಳು. ಬೇಯದ ರತ್ನಕ್ಕಿಂತ ಬೇಯುವ ಅಕ್ಕಿಯೇ ಆ ಒಲೆಯ ಮುಂದೆ ಬೆಲೆಯುಳ್ಳದ್ದು.

ಹಣವನ್ನು ಬಿಟ್ಟ ದಾಸರು ವ್ಯಾಪಾರಿಯ ಬುದ್ಧಿಯನ್ನು ಬಿಡಲಿಲ್ಲವೆಂಬುದು ಗಮನಾರ್ಹ. ಭಗವಂತನ ನಾಮವನ್ನು ಕಲ್ಲುಸಕ್ಕರೆಯ ಸರಕಾಗಿ ಬೀದಿಯಲ್ಲಿ ಸಾರಿದರು; ಎತ್ತಿನ ಮೇಲೆ ಹೇರಬೇಕಿಲ್ಲದ, ಸುಂಕ ತೆರಬೇಕಿಲ್ಲದ ಸರಕು ಅದು. ಹೆಬ್ಬಾಗಿಲ ಸುಂಕವನ್ನು ಬಲ್ಲ ನಗರದ ಜನಕ್ಕೆ ಆ ಮಾತು ನೇರವಾಗಿ ತಟ್ಟಿರಬೇಕು. ಭಿಕ್ಷೆಗೆ ಬೀಳುವ ರಾಗಿಯೆಂಬ ಧಾನ್ಯದ ಹೆಸರಿನಲ್ಲಿಯೇ ಶ್ಲೇಷೆಯನ್ನು ಹೂಡಿ, ಯೋಗ್ಯರಾಗಿ ಭಾಗ್ಯವಂತರಾಗಿ ಬಾಳಬೇಕೆಂದು ಮನೆಯವರಿಗೇ ಉಪದೇಶಿಸಿದರು. ಹೊಟ್ಟೆಪಾಡಿಗಾಗಿ ವೈರಾಗ್ಯದ ವೇಷ ತೊಡುವವರನ್ನೂ ಅಷ್ಟೇ ಕಟುವಾಗಿ ಹಾಸ್ಯಮಾಡಿದರು. ಧನದ ಡಂಭವೂ ದಾರಿದ್ರ್ಯದ ಡಂಭವೂ ಅವರ ಒರೆಗಲ್ಲಿನಲ್ಲಿ ಒಂದೇ ಬಗೆಯ ಖೋಟಾ ನಾಣ್ಯಗಳು.

ಅವರು ರಚಿಸಿದ ಕೀರ್ತನೆಗಳು 4,75,000 ಎಂದು ಸಂಪ್ರದಾಯ ಹೇಳುತ್ತದೆ. ಇಂದು ದೊರೆಯುವವು ಸುಮಾರು ಒಂದು ಸಾವಿರ. ಸಂಗೀತ ಕಲಿಯುವ ಮಕ್ಕಳಿಗೆ ಮಾಯಾಮಾಳವಗೌಳ ರಾಗದಲ್ಲಿ ಸರಳೆ ವರಸೆಗಳಿಂದ ಪಾಠ ಆರಂಭಿಸುವ ಕ್ರಮವನ್ನು ಅವರೇ ಹಾಕಿಕೊಟ್ಟರೆಂದು ಹೇಳುತ್ತಾರೆ. ಅದರಿಂದಲೇ ಅವರು ಕರ್ನಾಟಕ ಸಂಗೀತದ ಪಿತಾಮಹರು. ತಮಿಳುನಾಡಿನ ತಂಜಾವೂರು ಸೀಮೆಯ ತ್ಯಾಗರಾಜರೂ ಅವರನ್ನು ಸ್ಮರಿಸಿದರು. 1964ರಲ್ಲಿ, ಅವರು ದೇಹವಿಟ್ಟು ನಾನೂರು ವರ್ಷಗಳಾದಾಗ, ಭಾರತ ಸರ್ಕಾರವು ಅವರ ಸ್ಮಾರಕವಾಗಿ ಅಂಚೆಚೀಟಿಯನ್ನು ಹೊರತಂದಿತು.

ತಕ್ಕಡಿ ಮತ್ತು ಮಂಟಪ

ದಾಸರು 1564ರ ಪುಷ್ಯ ಬಹುಳ ಅಮಾವಾಸ್ಯೆಯಂದು ಹಂಪೆಯಲ್ಲಿ ಕಾಲವಾದರು. ಅದರ ಮರುವರ್ಷವೇ, 1565ರಲ್ಲಿ, ತಾಳಿಕೋಟೆಯ ಯುದ್ಧದಲ್ಲಿ ವಿಜಯನಗರದ ಸೇನೆ ಸೋತಿತು. ನಗರವು ಲೂಟಿಗೊಂಡು ಬೆಂಕಿಗೆ ಆಹುತಿಯಾಯಿತು. ಪಾಯಸನು ಕಂಡ ಮಾಣಿಕ್ಯದ ಬೀದಿಗಳಲ್ಲಿ ಇಂದು ಉಳಿದಿರುವುದು ಕಲ್ಲಿನ ಕಂಬಗಳ ಸಾಲು.

ಹಂಪೆಗೆ ಹೋದವರು ವಿಜಯವಿಠಲ ದೇವಾಲಯದ ಸಮೀಪದಲ್ಲಿ ಎರಡು ಕಂಬಗಳ ಮೇಲೊಂದು ಅಡ್ಡತೊಲೆಯಿರುವ ರಚನೆಯನ್ನು ನೋಡಿರಬಹುದು. ಅದು ರಾಜರ ತುಲಾಭಾರದ ತಕ್ಕಡಿ. ಪರ್ವದಿನಗಳಲ್ಲಿ ಅರಸರು ಅಲ್ಲಿ ತಮ್ಮನ್ನು ಚಿನ್ನಕ್ಕೆ ಸಮನಾಗಿ ತೂಗಿಸಿಕೊಂಡು ಆ ಚಿನ್ನವನ್ನು ದಾನಮಾಡುತ್ತಿದ್ದರೆಂದು ಪ್ರತೀತಿ. ಅಲ್ಲಿಂದ ಹೆಚ್ಚು ದೂರವಿಲ್ಲದೆ, ಹೊಳೆಯ ಅಂಚಿನಲ್ಲಿಯೇ, ಅಲಂಕಾರವಿಲ್ಲದ ಪುರಂದರ ಮಂಟಪವಿದೆ. ತುಂಗಭದ್ರಾ ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟಾಗ ಅದು ಮುಳುಗಿ, ನೀರು ಇಳಿದಾಗ ಮತ್ತೆ ಮೇಲೇಳುತ್ತದೆ. ಒಂದು ಕಡೆ ಮನುಷ್ಯನ ತೂಕಕ್ಕೆ ಚಿನ್ನವಿಟ್ಟು ನೋಡಿದರು; ಇನ್ನೊಂದು ಕಡೆ ಒಬ್ಬನು ಚಿನ್ನವನ್ನೆಲ್ಲ ಇಳಿಸಿ ತನ್ನ ತೂಕವೆಷ್ಟೆಂದು ನೋಡಿಕೊಂಡನು. ನಾವು ನಮ್ಮ ಮಕ್ಕಳನ್ನು ಹಂಪೆಗೆ ಕರೆದೊಯ್ದಾಗ ಇವೆರಡನ್ನೂ ಒಂದೇ ದಿನ ತೋರಿಸಬೇಕು.

ನಮ್ಮ ಸೀಮೆ, ನಮ್ಮ ಮನೆ

ಇದು ಹಳೆಯ ಕಥೆಯಾಯಿತು, ನಮಗೇನು ಎಂದು ಯಾರೂ ಹೇಳುವಂತಿಲ್ಲ. ಸಂಡೂರಿನ ಬೆಟ್ಟಗಳಲ್ಲಿ ಕಬ್ಬಿಣ, ಮ್ಯಾಂಗನೀಸ್ ಅದಿರು ತುಂಬಿದೆ. 2000ದ ದಶಕದಲ್ಲಿ ಅದಿರಿನ ಬೆಲೆ ಏರಿದಾಗ ನಮ್ಮ ರಸ್ತೆಗಳಲ್ಲಿ ಲಾರಿಗಳ ಸಾಲು ಮುಗಿಯುತ್ತಿರಲಿಲ್ಲ. ಎಲೆಯ ಹಸಿರೂ ಕೆಂಪು ಧೂಳಿನಲ್ಲಿ ಮುಚ್ಚಿಹೋಗಿತ್ತು. ಬೆವರಿನಿಂದ ಬರುವ ಹಣವನ್ನು ಮಾತ್ರ ಬಲ್ಲ ಮನೆಗಳಿಗೆ ಒಮ್ಮೆಲೇ ಬರುವ ಹಣದ ಪರಿಚಯವಾಯಿತು. ಸಾಲಮಾಡಿ ಲಾರಿ ಕೊಂಡವರಿದ್ದರು. 2011ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆದಾಗ ಲಾರಿ ನಿಂತಿತು, ಕಂತು ನಿಲ್ಲಲಿಲ್ಲ. ಮುಂದೆ ಕಟ್ಟುಪಾಡುಗಳೊಡನೆ ಗಣಿಗಳು ಮತ್ತೆ ತೆರೆದವು. ಆದರೆ ಆ ಏರಿಳಿತದಲ್ಲಿ ಒಂದು ಸತ್ಯ ನಮಗೆ ಗೋಚರವಾಯಿತು. ಹಣವು ಯಾರನ್ನೂ ಹೊಸದಾಗಿ ಕೆಡಿಸಲಿಲ್ಲ. ಒಳಗೆ ಇದ್ದುದನ್ನು ಹೊರಗೆ ತಂದಿತು. ಹಂಚಿ ತಿನ್ನುವವನು ಹೆಚ್ಚು ಹಂಚಿದನು. ಬಿಗಿಹಿಡಿಯುವವನು ಇನ್ನೂ ಬಿಗಿಹಿಡಿದನು.

ಎಲ್ಲರೂ ದಾಸರಂತೆ ಸರ್ವಸ್ವವನ್ನೂ ತೊರೆಯಬೇಕೆಂದು ನಾವು ಹೇಳುತ್ತಿಲ್ಲ. ಶುಭಸಂದೇಶದಲ್ಲಿ ಸಂತ ಮತ್ತಾಯನು ಸುಂಕದ ಕಟ್ಟೆಯನ್ನೇ ಬಿಟ್ಟು ಎದ್ದನು. ಜಕ್ಕಾಯನಾದರೋ ಆಸ್ತಿಯ ಅರ್ಧವನ್ನು ಬಡವರಿಗೆ ಕೊಟ್ಟು, ಮೋಸದಿಂದ ಪಡೆದುದನ್ನು ನಾಲ್ಕರಷ್ಟಾಗಿ ಹಿಂದಿರುಗಿಸುವೆನೆಂದು ನಿಶ್ಚಯಿಸಿ ತನ್ನ ಮನೆಯಲ್ಲಿಯೇ ಉಳಿದನು. ಬಟ್ಟೆವ್ಯಾಪಾರಿಯ ಮಗನಾದ ಅಸಿಸ್ಸಿಯ ಸಂತ ಫ್ರಾನ್ಸಿಸರು ಉಟ್ಟ ಬಟ್ಟೆಯನ್ನೂ ತಂದೆಗೆ ಒಪ್ಪಿಸಿ ಹೊರಟರು. ಆ ಸಂತರ ಸಭೆಗೆ ಸೇರಿದ ಲೂಯಿಸ್ ಎಂಬ ಸಂನ್ಯಾಸಿಯೊಬ್ಬರು 1510ರಲ್ಲಿ ಪೋರ್ಚುಗೀಸರ ದೂತರಾಗಿ ಇದೇ ವಿಜಯನಗರಕ್ಕೆ ಬಂದಿದ್ದರೆಂಬುದು ಇತಿಹಾಸ. ದಾರಿಗಳು ಬೇರೆಯಾದರೂ ಇವರೆಲ್ಲರೂ ಮೊದಲು ಮಾಡಿದ ಕೆಲಸ ಒಂದೇ: ಹಣದ ಮುಂದೆ ತಾವು ಯಾರೆಂಬುದನ್ನು ಮರೆಮಾಚದೆ ನೋಡಿಕೊಂಡದ್ದು.

ನಾವು ಪಾಪನಿವೇದನೆಗೆ ಹೋಗುವ ಮುನ್ನ ಅಂತಃಕರಣವನ್ನು ಪರಿಶೋಧಿಸಿಕೊಳ್ಳುತ್ತೇವೆ. ಕೋಪ, ಸುಳ್ಳು, ಪೂಜೆಗೆ ತಪ್ಪಿಸಿಕೊಂಡದ್ದು ಎಲ್ಲವೂ ನೆನಪಿಗೆ ಬರುತ್ತವೆ. ಹಣದ ಪೆಟ್ಟಿಗೆಯ ಬಳಿ ಮಾತ್ರ ನಮ್ಮ ಪರಿಶೋಧನೆ ಕಾಲೆಳೆಯುತ್ತದೆ. ದಾಸರ ಬಾಳು ಅಲ್ಲಿಗೂ ನಮ್ಮನ್ನು ಕರೆದೊಯ್ಯುತ್ತದೆ. ಕೈಚಾಚಿ ಬಂದವನಿಗೆ ನಾವು ಎಷ್ಟು ಸಲ ನಾಳೆ ಎಂದಿದ್ದೇವೆ? ಮನೆಯಾಕೆಗೆ ತಿಳಿಯದ ಸಾಲ, ಮನೆಯಾತನಿಗೆ ತಿಳಿಯದ ದಾನ ನಮ್ಮ ಮನೆಯಲ್ಲಿದೆಯೇ? ಇದ್ದರೆ ತಪ್ಪು ಅವರಲ್ಲಿದೆಯೋ, ಅವರು ಬಾಯಿಬಿಟ್ಟು ಹೇಳಲಾಗದಂತೆ ಮಾಡಿದ ನಮ್ಮ ಗದರಿಕೆಯಲ್ಲಿದೆಯೋ? ರಾತ್ರಿ ನಿದ್ದೆಗೆಡಿಸುವ ಚಿನ್ನದ ಬಟ್ಟಲು ನಮ್ಮ ಸೆರಗಿನಲ್ಲಿ ಯಾವುದು? ಮಕ್ಕಳ ಮುಂದೆ ನಾವು ಯಾರನ್ನು ಹೊಗಳುತ್ತೇವೆ, ಸಂಪಾದಿಸಿದವರನ್ನೋ ಸಹಾಯಮಾಡಿದವರನ್ನೋ? ಇವುಗಳಿಗೆ ಉತ್ತರವನ್ನು ಗುರುಗಳು ಹೇಳಿಕೊಡಲಾರರು. ಗಂಡಹೆಂಡಿರು ಒಂದು ಸಂಜೆ ದೀಪ ಹಚ್ಚಿಟ್ಟು, ಮನೆಯ ಲೆಕ್ಕವನ್ನು ನಡುವೆ ಇರಿಸಿ, ಗದರದೆ, ಮರೆಮಾಡದೆ ಮಾತನಾಡಿಕೊಂಡರೆ ಅರ್ಧ ಉತ್ತರ ಸಿಕ್ಕಂತೆಯೇ. ಅಂತಹ ಒಂದು ಸಂಜೆ ನಾಯಕನ ಮನೆಯಲ್ಲಿ ಮೊದಲೇ ಬಂದಿದ್ದರೆ ಸರಸ್ವತಿಬಾಯಿ ವಿಷದ ಬಟ್ಟಲನ್ನು ಹಿಡಿಯಬೇಕಾಗುತ್ತಿರಲಿಲ್ಲ.

ದೇವಾಲಯದ ಕಾಣಿಕೆ ಪೆಟ್ಟಿಗೆಯ ಬಳಿ ಕುಳಿತು ನೋಡುತ್ತಿದ್ದ ಪ್ರಭುವು ಎರಡು ಕಾಸು ಹಾಕಿದ ಬಡ ವಿಧವೆಯನ್ನು ಗುರುತಿಸಿದರು. ತವರಿನ ಮೂಗುತಿಯನ್ನು ಬಿಚ್ಚಿಕೊಟ್ಟ ಸರಸ್ವತಿಬಾಯಿಯೂ ಆ ತಾಯಿಯ ಸಾಲಿನಲ್ಲಿ ನಿಲ್ಲತಕ್ಕವಳೆಂದು ನಾವು ಭಾವಿಸುತ್ತೇವೆ. ಆಕೆಯ ಪತಿಯ ಹೆಸರು ಲೋಕಕ್ಕೆಲ್ಲ ತಿಳಿಯಿತು. ಆ ಹೆಸರಿನ ಹಿಂದೆ ಮೂಗಿನ ಮೇಲಿನ ಒಂದು ಖಾಲಿ ಗುರುತಿದೆ. ಶತಮಾನೋತ್ಸವದ ಈ ಶುಭಸಂದರ್ಭದಲ್ಲಿ, ಹೆಸರು ಬರೆಸದೆ ಕೊಟ್ಟುಹೋದ ನಮ್ಮ ಹಿರಿಯರನ್ನೂ ಕೃತಜ್ಞತೆಯಿಂದ ಸ್ಮರಿಸುತ್ತ, ಸಕಲ ಸಂಪತ್ತಿನ ಒಡೆಯನಾದ ದೇವರು ನಮ್ಮೆಲ್ಲರ ಪೆಟ್ಟಿಗೆಗಳನ್ನೂ ಹೃದಯಗಳನ್ನೂ ಒಟ್ಟಿಗೆ ತೆರೆಯಲೆಂದು ಪ್ರಾರ್ಥಿಸುತ್ತೇವೆ.